ದರ್ಜೆ ನೀಡುವವರು ಇತರ ಸೇವೆಗಳನ್ನೂ ಮಾರಬಹುದೇ? ಟ್ರೇಡಿಂಗ್ ಕಾರ್ಡ್ ಉದ್ದಿಮೆಯ ಒಂದು ಅಧ್ಯಯನ

ಕೊಳ್ಳುವವನೂ ಮಾರುವವನೂ ಅಲ್ಲದ ಮೂರನೆಯವನೊಬ್ಬನು ಸರಕನ್ನು ಪರೀಕ್ಷಿಸಿ, ಅದರ ಗುಣಮಟ್ಟ ಇಂತಿಷ್ಟು ಎಂದು ಬರೆದುಕೊಡುವುದು, ಆ ಬರಹವನ್ನು ನಂಬಿ ಸರಕನ್ನು ಕಣ್ಣಾರೆ ಕಾಣದವನು ಹಣ ತೆರುವುದು ವಾಣಿಜ್ಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ಪದ್ಧತಿ. ಚಿನ್ನದ ಹಾಲ್‌ಮಾರ್ಕ್, ಪ್ರಯೋಗಾಲಯದ ಪರೀಕ್ಷಾ ವರದಿ, ಸಾಲಪತ್ರಗಳ ರೇಟಿಂಗ್, ನಮ್ಮ ವೃತ್ತಿಯವರು ಸಹಿ ಮಾಡುವ ಲೆಕ್ಕಪರಿಶೋಧನಾ ವರದಿ, ಇವೆಲ್ಲವೂ ಇದೇ ಜಾತಿಗೆ ಸೇರಿದವು. ಹೀಗೆ ಅಭಿಪ್ರಾಯ ಹೇಳುವ ಸಂಸ್ಥೆಯು ತನ್ನ ಗ್ರಾಹಕನಿಗೆ ಬೇರೆ ಸೇವೆಗಳನ್ನೂ ಮಾರಬಹುದೇ ಎಂಬ ಪ್ರಶ್ನೆ ಪ್ರತಿಯೊಂದು ಕ್ಷೇತ್ರದಲ್ಲಿಯೂ ಒಂದಲ್ಲ ಒಂದು ಸಂದರ್ಭದಲ್ಲಿ ಎದ್ದಿದೆ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಅಮೆರಿಕದ ಟ್ರೇಡಿಂಗ್ ಕಾರ್ಡ್ ಉದ್ದಿಮೆಯ ಮೂಲಕ ಪರಿಶೀಲಿಸಲಾಗಿದೆ. ಆಟಗಾರರ ಚಿತ್ರವಿರುವ ಕಾಗದದ ತುಂಡುಗಳಿಗೂ ನಮ್ಮ ಸದಸ್ಯರ ವ್ಯವಹಾರಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಬ್ಯಾಂಕು, ಕಂಪನಿ, ಲೆಕ್ಕಪರಿಶೋಧನೆಗಳ ವಿಷಯದಲ್ಲಿ ಕಾನೂನುಗಳೂ ನಿಯಂತ್ರಣ ಪ್ರಾಧಿಕಾರಗಳೂ ಇರುವುದರಿಂದ ಮೂಲ ಪ್ರಶ್ನೆಯು ಕಲಮು ಉಪಕಲಮುಗಳ ಹಿಂದೆ ಮರೆಯಾಗಿದೆ. ಕಾರ್ಡುಗಳ ದರ್ಜೆ ನಿರ್ಣಯಕ್ಕೆ ಪ್ರತ್ಯೇಕ ಪ್ರಾಧಿಕಾರವಿಲ್ಲ. ಅಲ್ಲಿ ಸಂಸ್ಥೆಯ ಲಾಭ, ಗ್ರಾಹಕನ ನಿರೀಕ್ಷೆ, ಕೊಳ್ಳುವವನ ನಂಬಿಕೆ, ಈ ಮೂರೂ ನೇರವಾಗಿ ಎದುರುಬದುರು ನಿಲ್ಲುತ್ತವೆ. ಅಧ್ಯಯನಕ್ಕೆ ಇದಕ್ಕಿಂತ ಅನುಕೂಲವಾದ ಉದಾಹರಣೆ ಸಿಗುವುದು ಕಷ್ಟ.

ಉದ್ದಿಮೆಯ ಸ್ವರೂಪ

ಬೇಸ್‌ಬಾಲ್ ಮೊದಲಾದ ಆಟಗಳ ಆಟಗಾರರ ಚಿತ್ರಗಳನ್ನು ಸಿಗರೇಟು ಮೊದಲಾದವುಗಳ ಪೊಟ್ಟಣಗಳಲ್ಲಿ ಇಟ್ಟು ಹಂಚುವ ಪದ್ಧತಿ ಅಮೆರಿಕದಲ್ಲಿ 19ನೆಯ ಶತಮಾನದಲ್ಲಿಯೇ ಆರಂಭವಾಯಿತು. ನಮ್ಮ ಪೀಳಿಗೆಯವರು ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಟ್ಟಂತೆ ಅಲ್ಲಿನ ಮಕ್ಕಳು ಈ ಕಾರ್ಡುಗಳನ್ನು ಕೂಡಿಟ್ಟರು. ವ್ಯತ್ಯಾಸವೆಂದರೆ, ನಮ್ಮ ಬೆಂಕಿಪೊಟ್ಟಣಗಳು ರದ್ದಿಗೆ ಹೋದವು. ಅವರ ಕಾರ್ಡುಗಳು ಹರಾಜು ಮಳಿಗೆಗೆ ಹೋದವು. 1952ರಲ್ಲಿ ಟಾಪ್ಸ್ ಕಂಪನಿಯು ಹೊರತಂದ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರುಗಳಿಗೆ ಮಾರಾಟವಾಯಿತು.

ಇಂತಹ ಬೆಲೆಯ ಸರಕಿನಲ್ಲಿ ಮೂಲೆಯೊಂದು ಸವೆದಿದ್ದರೆ, ಚಿತ್ರವು ನಡುವಿನಿಂದ ಕೊಂಚ ವಾಲಿ ಮುದ್ರಣವಾಗಿದ್ದರೆ, ಮೇಲ್ಮೈಯಲ್ಲಿ ಗೀರು ಬಿದ್ದಿದ್ದರೆ ಬೆಲೆ ಬಹಳವಾಗಿ ಇಳಿಯುತ್ತದೆ. ಮಾರುವವನು ತನ್ನ ಕಾರ್ಡು ಅತ್ಯುತ್ತಮ ಎನ್ನುತ್ತಾನೆ, ಕೊಳ್ಳುವವನು ಸಾಧಾರಣ ಎನ್ನುತ್ತಾನೆ. ಈ ಜಗಳವನ್ನು ತೀರಿಸಲೆಂದು ಹುಟ್ಟಿದ್ದೇ ದರ್ಜೆ ನಿರ್ಣಯ ಸಂಸ್ಥೆಗಳು. ಮೊದಲು ನಾಣ್ಯಗಳ ವಿಷಯದಲ್ಲಿ 1986ರಲ್ಲಿ ಪಿ.ಸಿ.ಜಿ.ಎಸ್. ಸಂಸ್ಥೆಯು ಕಾರ್ಯಾರಂಭ ಮಾಡಿತು. ಅದೇ ಬಳಗದವರು 1991ರಲ್ಲಿ ಕಾರ್ಡುಗಳಿಗಾಗಿ ಪಿ.ಎಸ್.ಎ. ಎಂಬ ಸಂಸ್ಥೆಯನ್ನು ಕ್ಯಾಲಿಫೋರ್ನಿಯದಲ್ಲಿ ತೆರೆದರು. ಕಾರ್ಡುಗಳ ಬೆಲೆಪಟ್ಟಿ ಪತ್ರಿಕೆಗೆ ಹೆಸರಾಗಿದ್ದ ಬೆಕೆಟ್ ಸಂಸ್ಥೆಯು 1999ರಲ್ಲಿ ಈ ಕೆಲಸಕ್ಕೆ ಇಳಿಯಿತು. ಕಾಮಿಕ್ ಪುಸ್ತಕಗಳ ದರ್ಜೆ ನಿರ್ಣಯದಲ್ಲಿದ್ದ ಸಿ.ಜಿ.ಸಿ. ಸಂಸ್ಥೆಯು 2020ರಲ್ಲಿ ಕಾರ್ಡುಗಳನ್ನೂ ಸೇರಿಸಿಕೊಂಡಿತು.

ಕಾರ್ಯವಿಧಾನ ಸರಳ. ಮಾಲೀಕನು ಶುಲ್ಕದೊಡನೆ ಕಾರ್ಡನ್ನು ಕಳುಹಿಸುತ್ತಾನೆ. ಸಂಸ್ಥೆಯು ಮೊದಲು ಅದು ನೈಜವೇ, ಅಂಚು ಕತ್ತರಿಸಿ ಅಥವಾ ಬಣ್ಣ ತುಂಬಿ ತಿದ್ದಲಾಗಿದೆಯೇ ಎಂದು ನೋಡುತ್ತದೆ. ಅನಂತರ ಚಿತ್ರದ ನೆಲೆ, ಮೂಲೆ, ಅಂಚು, ಮೇಲ್ಮೈ, ಈ ನಾಲ್ಕನ್ನು ಪರೀಕ್ಷಿಸಿ 1ರಿಂದ 10ರವರೆಗಿನ ಒಂದು ದರ್ಜೆ ನೀಡುತ್ತದೆ. ಗಟ್ಟಿಯಾದ ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿಟ್ಟು, ದರ್ಜೆ ಮತ್ತು ಕ್ರಮಸಂಖ್ಯೆಯ ಚೀಟಿಯೊಡನೆ ಮುಚ್ಚಿ ಹಿಂದಿರುಗಿಸುತ್ತದೆ. ಅಂದಿನಿಂದ ಆ ಕಾರ್ಡು ಮಾರುಕಟ್ಟೆಯಲ್ಲಿ ತನ್ನ ದರ್ಜೆಯ ಹೆಸರಿನಿಂದಲೇ ಓಡಾಡುತ್ತದೆ. ಶುಲ್ಕ ಕೊಟ್ಟವನು ಒಬ್ಬ, ದರ್ಜೆಯನ್ನು ನಂಬಿ ಹಣ ಹಾಕುವವನು ಇನ್ನೊಬ್ಬ ಎಂಬುದನ್ನು ಓದುಗರು ಇಲ್ಲಿಯೇ ಗಮನಿಸಬೇಕು. ಮುಂದಿನ ವಿವೇಚನೆಯೆಲ್ಲ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ.

ಒಂದನೆಯ ಸಂಖ್ಯೆಯ ಕಾರ್ಡು

ಪಿ.ಎಸ್.ಎ. ಸಂಸ್ಥೆಯು 1991ರಲ್ಲಿ ದರ್ಜೆ ನೀಡಿದ ಮೊಟ್ಟಮೊದಲ ಕಾರ್ಡಿನ ವೃತ್ತಾಂತವನ್ನು ಇಲ್ಲಿ ಕೊಂಚ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅದು ಹಾನಸ್ ವ್ಯಾಗ್ನರ್ ಎಂಬ ಆಟಗಾರನ ಚಿತ್ರವಿರುವ, ಟಿ-206 ಎಂಬ ಮಾಲೆಗೆ ಸೇರಿದ, 1909ರಿಂದ 1911ರ ಅವಧಿಯಲ್ಲಿ ತಂಬಾಕಿನ ಪೊಟ್ಟಣಗಳೊಡನೆ ಹಂಚಲಾದ ಕಾರ್ಡು. ಐಸ್ ಹಾಕಿಯ ಪ್ರಸಿದ್ಧ ಆಟಗಾರ ವೇಯ್ನ್ ಗ್ರೆಟ್ಜ್‌ಕಿ ಮತ್ತು ಅವರ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಇಬ್ಬರೂ ಸೇರಿ 1991ರ ಹರಾಜಿನಲ್ಲಿ ಇದನ್ನು 4,51,000 ಡಾಲರುಗಳಿಗೆ ಕೊಂಡಿದ್ದರು. ಹೊಸದಾಗಿ ಅಂಗಡಿ ತೆರೆದ ಸಂಸ್ಥೆಗೆ ಇದಕ್ಕಿಂತ ದೊಡ್ಡ ಪ್ರಚಾರ ಬೇಕೇ? ಕಾರ್ಡಿಗೆ 8ರ ದರ್ಜೆ ದೊರೆಯಿತು. ಅಷ್ಟು ಹಳೆಯ ಕಾಗದಕ್ಕೆ ಅದು ಅಸಾಧಾರಣ ದರ್ಜೆ. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರುಗಳಿಗೆ ಏರಿತು.

2013ರಲ್ಲಿ, ಹರಾಜು ವ್ಯವಹಾರದಲ್ಲಿ ಹೆಸರಾಗಿದ್ದ ಹಾಗೂ ಈ ಕಾರ್ಡನ್ನು 1985ರಲ್ಲಿ ಕೊಂಡಿದ್ದ ಬಿಲ್ ಮಾಸ್ಟ್ರೊ, ಬೇರೆ ವಂಚನೆಗಳಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ಈ ಕಾರ್ಡಿನ ಅಂಚುಗಳನ್ನು ತಾನೇ ಕತ್ತರಿಸಿದ್ದಾಗಿಯೂ ಒಪ್ಪಿಕೊಂಡರು. 2015ರಲ್ಲಿ ಅವರಿಗೆ 20 ತಿಂಗಳ ಸೆರೆವಾಸ ವಿಧಿಸಲಾಯಿತು. ಅಂಚು ಕತ್ತರಿಸಿದ ಕಾರ್ಡಿಗೆ ಸಂಖ್ಯಾರೂಪದ ದರ್ಜೆ ನೀಡಬಾರದೆಂಬುದು ಈ ಉದ್ದಿಮೆಯ ಮೊದಲ ನಿಯಮ. ಕ್ರಮಸಂಖ್ಯೆ ಒಂದರಲ್ಲಿಯೇ ಆ ನಿಯಮ ತಪ್ಪಿತ್ತು.

ಇಲ್ಲಿ ನನ್ನ ಆಸಕ್ತಿ ದರ್ಜೆ ನೀಡಿದವರ ಪ್ರಾಮಾಣಿಕತೆಯನ್ನು ಶಂಕಿಸುವುದರಲ್ಲಿಲ್ಲ. ಕಾರ್ಡಿನ ಮಾಲೀಕರ ಹೆಸರು, ಬೆಲೆ, ಅದರಿಂದ ಸಂಸ್ಥೆಗೆ ದೊರೆಯಬಹುದಾದ ಕೀರ್ತಿ, ಇವೆಲ್ಲ ಮೇಜಿನ ಮೇಲಿರುವಾಗ ಪರೀಕ್ಷಕನ ಕಣ್ಣು ಎಷ್ಟು ಸ್ವತಂತ್ರವಾಗಿರಬಲ್ಲದು ಎಂಬುದಷ್ಟೇ ಪ್ರಶ್ನೆ. ಅದರ ಮರುವರ್ಷಗಳಲ್ಲೇನೂ ಅಲ್ಲ, ಅದಕ್ಕೂ ಮುಂಚೆ 1990ರಲ್ಲಿಯೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಾಣ್ಯಗಳ ದರ್ಜೆ ನೀಡುತ್ತಿದ್ದ ಪಿ.ಸಿ.ಜಿ.ಎಸ್. ಸಂಸ್ಥೆಯ ಮೇಲೆ ಆಕ್ಷೇಪ ಎತ್ತಿತ್ತು. ತನ್ನ ದರ್ಜೆಯು ಸಂಪೂರ್ಣ ವಸ್ತುನಿಷ್ಠ ಎಂದು ಸಾರಿದ ಜಾಹೀರಾತು ಉತ್ಪ್ರೇಕ್ಷೆಯಾಯಿತೆಂಬುದು ಆ ಆಕ್ಷೇಪದ ತಿರುಳು. ಸಂಸ್ಥೆಯು ರಾಜಿಗೆ ಒಪ್ಪಿಕೊಂಡಿತು. ದರ್ಜೆಯು ಒಂದು ಅಭಿಪ್ರಾಯ. ಅಭಿಪ್ರಾಯಕ್ಕೆ ಬೆಲೆ ಬರುವುದು ಹೇಳುವವನ ಜಾಣ್ಮೆಯಿಂದ ಎಷ್ಟೋ, ಆ ಸರಕಿನಲ್ಲಿ ಅವನಿಗೆ ಪಾಲಿಲ್ಲ ಎಂಬ ಖಾತರಿಯಿಂದಲೂ ಅಷ್ಟೇ.

ಸೇವೆಗಳು ಬೆಳೆದ ಬಗೆ

ಆರಂಭದಲ್ಲಿ ಈ ಸಂಸ್ಥೆಗಳ ಕೆಲಸ ದರ್ಜೆ ನೀಡುವುದಷ್ಟೇ ಆಗಿತ್ತು. ಕ್ರಮೇಣ ಹಲವು ಸೇವೆಗಳು ಕೂಡಿಕೊಂಡವು. ಯಾವ ಕಾರ್ಡಿಗೆ ಯಾವ ದರ್ಜೆ ಎಷ್ಟು ಬಾರಿ ನೀಡಲಾಗಿದೆ ಎಂಬ ಗಣತಿ, ಹರಾಜಿನ ಬೆಲೆಗಳ ದಾಖಲೆ, ಸಂಗ್ರಾಹಕರ ಮಾಲೆಗಳ ನೋಂದಣಿ, ಹಳೆಯ ಕವಚ ಬದಲಾವಣೆ, ಮರುಪರಿಶೀಲನೆ, ಬೇರೆ ಸಂಸ್ಥೆಯ ಕವಚದಲ್ಲಿರುವುದನ್ನು ತನ್ನ ಕವಚಕ್ಕೆ ವರ್ಗಾಯಿಸುವುದು ಮೊದಲಾದವು ಬಂದವು. ಇವುಗಳ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ.

ಚಿತ್ರ ಬದಲಾದದ್ದು 2020ರ ನಂತರ. ಕೋವಿಡ್ ಕಾಲದಲ್ಲಿ ಮನೆಯಲ್ಲಿ ಕುಳಿತ ಜನ ಹಳೆಯ ಪೆಟ್ಟಿಗೆಗಳನ್ನು ತೆರೆದರು. ಕಾರ್ಡುಗಳ ಬೆಲೆ ಏರಿತು. ದರ್ಜೆಗಾಗಿ ಕಾರ್ಡುಗಳು ಪ್ರವಾಹದಂತೆ ಬಂದವು. 2021ರ ಫೆಬ್ರವರಿಯಲ್ಲಿ ಪಿ.ಎಸ್.ಎ.ಯ ಮಾತೃಸಂಸ್ಥೆಯಾದ ಕಲೆಕ್ಟರ್ಸ್ ಯೂನಿವರ್ಸ್ ಕಂಪನಿಯನ್ನು ಹೂಡಿಕೆದಾರರ ಗುಂಪೊಂದು ಸುಮಾರು 85 ಕೋಟಿ ಡಾಲರುಗಳಿಗೆ ಕೊಂಡು ಷೇರು ವಿನಿಮಯ ಕೇಂದ್ರದಿಂದ ಹೊರತಂದಿತು. ಮರುತಿಂಗಳೇ, ಮಾರ್ಚ್ ಅಂತ್ಯದಲ್ಲಿ, ಪಿ.ಎಸ್.ಎ. ತನ್ನ ಕಡಿಮೆ ದರದ ಸೇವೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಹಿಂದಿನ ಮೂರು ತಿಂಗಳಲ್ಲಿ ಬಂದುದಕ್ಕಿಂತ ಹೆಚ್ಚು ಕಾರ್ಡುಗಳು ಮೂರೇ ದಿನಗಳಲ್ಲಿ ಬಂದವೆಂದು ಸಂಸ್ಥೆಯ ಅಧ್ಯಕ್ಷರು ಹೇಳಿದರು. ತಿಂಗಳುಗಟ್ಟಲೆ ಗ್ರಾಹಕರ ಸರಕು ಸಂಸ್ಥೆಯ ಉಗ್ರಾಣದಲ್ಲಿ ಕುಳಿತಿತು. ಈ ನಡುವೆ ಎಷ್ಟೋ ಕಾರ್ಡುಗಳ ಬೆಲೆ ಇಳಿದೂ ಹೋಯಿತು. ಮೂಲ ಸೇವೆಯನ್ನು ಹೇಳಿದ ದಿನಕ್ಕೆ ಮುಗಿಸಿಕೊಡುವುದಕ್ಕಿಂತ ಮಿಗಿಲಾದ ಹೆಚ್ಚುವರಿ ಸೇವೆಯನ್ನು ಆ ವರ್ಷ ಯಾವ ಗ್ರಾಹಕನೂ ಬಯಸಿರಲಾರ.

ಆದರೂ ವಿಸ್ತರಣೆ ನಿಲ್ಲಲಿಲ್ಲ. 2021ರ ಜುಲೈನಲ್ಲಿ ಅದೇ ಮಾತೃಸಂಸ್ಥೆಯು ಗೋಲ್ಡಿನ್ ಎಂಬ ಹರಾಜು ಸಂಸ್ಥೆಯನ್ನು ಕೊಂಡುಕೊಂಡಿತು. 2022ರಲ್ಲಿ ದರ್ಜೆ ಪಡೆದ ಕಾರ್ಡುಗಳನ್ನು ಕಾಪಿಡುವ, ಅಲ್ಲಿಂದಲೇ ಮಾರಿಕೊಡುವ ಭದ್ರತಾ ಉಗ್ರಾಣ ಆರಂಭವಾಯಿತು. 2024ರ ಫೆಬ್ರವರಿಯಲ್ಲಿ ಎಸ್.ಜಿ.ಸಿ. ಎಂಬ ಪ್ರತಿಸ್ಪರ್ಧಿ ದರ್ಜೆ ಸಂಸ್ಥೆಯೂ ಇದೇ ಒಡೆತನಕ್ಕೆ ಬಂದಿತು. ಅದೇ ವರ್ಷ ಗೋಲ್ಡಿನ್ ಸಂಸ್ಥೆಯನ್ನು ಈಬೇ ಕಂಪನಿಗೆ ಮಾರಲಾಯಿತು, ಈಬೇಯ ಉಗ್ರಾಣವು ಪಿ.ಎಸ್.ಎ.ಗೆ ಬಂದಿತು. ಅಂದರೆ ಸುಮಾರು ಮೂರು ವರ್ಷ ಕಾಲ, ಕಾರ್ಡಿನ ದರ್ಜೆಯನ್ನು ನಿರ್ಣಯಿಸುವವರೂ ಅದೇ ಕಾರ್ಡನ್ನು ಹರಾಜಿನಲ್ಲಿ ಮಾರಿ ಕಮಿಷನ್ ಪಡೆಯುವವರೂ ಒಂದೇ ಒಡೆಯನ ಅಧೀನದಲ್ಲಿದ್ದರು.

ಒಂದು ಲೆಕ್ಕ

ಇದರಿಂದ ಏನು ಬಾಧಕ ಎಂಬುದನ್ನು ಅಂಕಿಗಳ ಮೂಲಕ ನೋಡುವುದು ಒಳಿತು. ಕೆಳಗಿನ ಅಂಕಿಗಳು ವಿವರಣೆಗಾಗಿ ನಾನೇ ಕಲ್ಪಿಸಿಕೊಂಡವು.

ದರ್ಜೆಯಿಲ್ಲದ ಒಂದು ಕಾರ್ಡಿನ ಬೆಲೆ 60 ಡಾಲರ್ ಎಂದಿಟ್ಟುಕೊಳ್ಳೋಣ. 9ರ ದರ್ಜೆ ಬಂದರೆ ಅದು 100 ಡಾಲರಿಗೂ, 10 ಬಂದರೆ 400 ಡಾಲರಿಗೂ ಮಾರಾಟವಾಗುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಬೆಲೆ ಹೀಗೆ ಜಿಗಿಯುವುದು ಈ ಮಾರುಕಟ್ಟೆಯಲ್ಲಿ ಸಾಮಾನ್ಯ. ದರ್ಜೆಯ ಶುಲ್ಕ 25 ಡಾಲರ್, ಅಂಚೆ ಮತ್ತು ವಿಮೆ 15 ಡಾಲರ್, ಒಟ್ಟು ಖರ್ಚು 40 ಡಾಲರ್. 9 ಬಂದರೆ ಮಾಲೀಕನ ಕೈಗೆ ಉಳಿಯುವುದು 60 ಡಾಲರ್, ಅಂದರೆ ಕಳುಹಿಸದೆ ಇದ್ದರೂ ಸಿಗುತ್ತಿದ್ದಷ್ಟೇ. 10 ಬಂದರೆ 360 ಡಾಲರ್. ಐದರಲ್ಲಿ ಒಂದು ಪಾಲು 10 ಬರುವ, ನಾಲ್ಕು ಪಾಲು 9 ಬರುವ ಸಂಭವವಿದ್ದರೆ ನಿರೀಕ್ಷಿತ ಮಾರಾಟ ಬೆಲೆ 160 ಡಾಲರ್. ಖರ್ಚು ಕಳೆದು 120. ಗ್ರಾಹಕನ ಲಾಭವೆಲ್ಲ 9 ಮತ್ತು 10ರ ನಡುವಿನ ಆ ಒಂದು ಗೆರೆಯ ಮೇಲೆ ನಿಂತಿದೆ.

ಈಗ ಸಂಸ್ಥೆಯ ಕಡೆಯಿಂದ ನೋಡೋಣ. ಅದು ದರ್ಜೆಯನ್ನಷ್ಟೇ ನೀಡುವುದಾದರೆ 9 ಕೊಟ್ಟರೂ 10 ಕೊಟ್ಟರೂ ಆದಾಯ 25 ಡಾಲರ್. ಅದೇ ಸಂಸ್ಥೆಯು ಶೇಕಡ 10ರ ಕಮಿಷನ್‌ಗೆ ಕಾರ್ಡನ್ನು ಮಾರಿಯೂ ಕೊಡುವುದಾದರೆ 9ರ ದರ್ಜೆಯಿಂದ ಒಟ್ಟು 35 ಡಾಲರ್, 10ರ ದರ್ಜೆಯಿಂದ 65 ಡಾಲರ್ ಬರುತ್ತದೆ. ಒಂದು ಅಂಕದ ವ್ಯತ್ಯಾಸಕ್ಕೆ 30 ಡಾಲರ್. ಇದು ಮೂಲ ಶುಲ್ಕಕ್ಕಿಂತಲೂ ಹೆಚ್ಚು. ಅಭಿಪ್ರಾಯ ಹೇಳಿದ್ದಕ್ಕೆ ದೊರೆಯುವ ಹಣಕ್ಕಿಂತ, ಅಭಿಪ್ರಾಯ ಒಂದು ಕಡೆಗೆ ವಾಲಿದ್ದಕ್ಕೆ ದೊರೆಯುವ ಹಣ ಮಿಗಿಲಾಯಿತು.

ಪರೀಕ್ಷಕನಿಗೆ ಕಾರ್ಡು ಯಾರದೆಂದು ತಿಳಿಯದು, ಅವನ ಸಂಬಳಕ್ಕೂ ಕಮಿಷನ್‌ಗೂ ಸಂಬಂಧವಿಲ್ಲ, ಆದ್ದರಿಂದ ಪಕ್ಷಪಾತಕ್ಕೆ ಅವಕಾಶವಿಲ್ಲ ಎಂಬ ಸಮಾಧಾನವನ್ನು ಹೇಳಬಹುದು. ಬಿಡಿ ಕಾರ್ಡಿನ ಮಟ್ಟಿಗೆ ಇದು ಒಪ್ಪತಕ್ಕ ಮಾತೇ. ಆದರೆ 10ರ ದರ್ಜೆಗೆ ಮುಂಬದಿಯ ಅಂಚುಗಳ ಅನುಪಾತ 55ಕ್ಕೆ 45 ಇರಬೇಕೇ, 60ಕ್ಕೆ 40 ಆದರೂ ನಡೆದೀತೇ ಎಂಬ ಮಾನದಂಡವನ್ನು ಗೊತ್ತುಮಾಡುವವನು ಮೇಜಿನ ಮುಂದಿನ ಪರೀಕ್ಷಕನಲ್ಲ, ಆಡಳಿತ ಮಂಡಳಿ. ಲಾಭ ನಷ್ಟದ ತಖ್ತೆಯೂ ಅದೇ ಮಂಡಳಿಯ ಮುಂದಿರುತ್ತದೆ. ಇದಕ್ಕೆ ವಿರುದ್ಧ ದಿಕ್ಕಿನ ಅಪಾಯವೂ ಉಂಟು: ದರ್ಜೆ ನೀಡಿದ ಕಾರ್ಡನ್ನು ಸಂಸ್ಥೆಯೇ ಕೊಳ್ಳುವುದಾದರೆ ದರ್ಜೆ ಕಡಿಮೆಯಾದಷ್ಟೂ ಅದಕ್ಕೆ ಲಾಭ. ಮಾರಿಕೊಡುವವನಿಗೆ ಮೇಲಿನ ದರ್ಜೆ, ಕೊಳ್ಳುವವನಿಗೆ ಕೆಳಗಿನ ದರ್ಜೆ ಹಿತ. ಎರಡೂ ಆಗಲು ಹೊರಟವನ ದರ್ಜೆಯನ್ನು ಹೊರಗಿನವನು ಯಾವ ಆಧಾರದಿಂದ ನಂಬಬೇಕು?

ಶುಲ್ಕದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಪಿ.ಎಸ್.ಎ. ಸಂಸ್ಥೆಯಲ್ಲಿ ಕಾರ್ಡಿನ ಬೆಲೆಗೆ ಅನುಗುಣವಾದ ಶುಲ್ಕದ ಹಂತಗಳಿವೆ. ದರ್ಜೆ ನೀಡಿದ ಮೇಲೆ ಕಾರ್ಡಿನ ಬೆಲೆ ಆಯ್ದುಕೊಂಡ ಹಂತದ ಮಿತಿಯನ್ನು ಮೀರಿದರೆ ಮೇಲಿನ ಹಂತದ ಶುಲ್ಕವನ್ನು ವಸೂಲು ಮಾಡುವ ರೂಢಿ ಇದೆ. ತಪ್ಪು ದರ್ಜೆಯೆಂದು ಸಿದ್ಧವಾದಲ್ಲಿ ನಷ್ಟ ತುಂಬಿಕೊಡುವ ಖಾತರಿಯನ್ನು ಸಂಸ್ಥೆಯು ನೀಡುವುದರಿಂದ, ಬೆಲೆ ಹೆಚ್ಚಿದಷ್ಟೂ ತನ್ನ ಹೊಣೆ ಹೆಚ್ಚುತ್ತದೆ ಎಂಬ ಸಮರ್ಥನೆ ಅದಕ್ಕುಂಟು; ಅದನ್ನು ಪೊಳ್ಳು ಎನ್ನಲಾಗದು. ಆದರೆ ಹೊಣೆಗಾಗಿ ತೆಗೆದುಕೊಳ್ಳುವ ಹಣ ವಿಮಾಕಂತಿನ ಸ್ವರೂಪದ್ದು. ಅದನ್ನು ಅಭಿಪ್ರಾಯದ ಶುಲ್ಕದೊಡನೆ ಬೆರೆಸಿ, ಅಭಿಪ್ರಾಯ ಹೊರಬಿದ್ದ ಮೇಲೆ ಮೊತ್ತವನ್ನು ಏರಿಸಿದರೆ, ನಮ್ಮ ಸನ್ನದು ಲೆಕ್ಕಪರಿಶೋಧಕರ ಕಾಯ್ದೆ, 1949ರ ಮೊದಲನೆಯ ಅನುಸೂಚಿಯು ನಿಷೇಧಿಸುವ, ಫಲಿತಾಂಶವನ್ನು ಅವಲಂಬಿಸಿದ ಶುಲ್ಕದ ಹೋಲಿಕೆ ಬಂದುಬಿಡುತ್ತದೆ. ನಮ್ಮಲ್ಲಿ ಹಾಲ್‌ಮಾರ್ಕ್ ಶುಲ್ಕವು ಒಡವೆಯ ತೂಕ ಎಷ್ಟೇ ಇರಲಿ, ಒಡವೆಯೊಂದಕ್ಕೆ ಇಂತಿಷ್ಟೆಂದು ನಿಗದಿಯಾಗಿದೆ. ಎರಡು ಗ್ರಾಂ ಉಂಗುರಕ್ಕೂ ಎಂಟು ಸವರನ್ ಸರಕ್ಕೂ ಒಂದೇ ದರವೆಂಬುದು ಮೇಲ್ನೋಟಕ್ಕೆ ಅನ್ಯಾಯವೆನಿಸಬಹುದು, ಆದರೆ ಪರೀಕ್ಷಾ ಕೇಂದ್ರಕ್ಕೆ ಒಡವೆಯ ಮೌಲ್ಯದಲ್ಲಿ ಆಸಕ್ತಿಯೇ ಹುಟ್ಟದಂತೆ ಮಾಡುವ ಬಹಳ ಅಗ್ಗದ ಉಪಾಯ ಅದು.

ಲೆಕ್ಕಪರಿಶೋಧನೆಯ ಅನುಭವ

ಈ ಹಾದಿಯನ್ನು ನಮ್ಮ ವೃತ್ತಿ ಮೊದಲೇ ನಡೆದು ನೋಡಿದೆ. ಅಮೆರಿಕದ ಎನ್ರಾನ್ ಕಂಪನಿಯಿಂದ ಆರ್ಥರ್ ಆಂಡರ್ಸನ್ ಸಂಸ್ಥೆಯು 2000ನೆಯ ವರ್ಷದಲ್ಲಿ ಲೆಕ್ಕಪರಿಶೋಧನೆಗಾಗಿ ಸುಮಾರು 2.5 ಕೋಟಿ ಡಾಲರ್, ಸಲಹೆ ಮೊದಲಾದ ಇತರ ಸೇವೆಗಳಿಗಾಗಿ ಸುಮಾರು 2.7 ಕೋಟಿ ಡಾಲರ್ ಪಡೆದಿತ್ತು. ಮುಂದೇನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. 2002ರ ಸಾರ್ಬೇನ್ಸ್-ಆಕ್ಸ್‌ಲೀ ಕಾಯ್ದೆಯು ಲೆಕ್ಕಪರಿಶೋಧಕರು ಅದೇ ಗ್ರಾಹಕನಿಗೆ ನೀಡಬಾರದ ಸೇವೆಗಳ ಪಟ್ಟಿಯನ್ನೇ ಮಾಡಿತು. ನಮ್ಮ ಕಂಪನಿಗಳ ಕಾಯ್ದೆ, 2013ರ 144ನೆಯ ಕಲಮಿನಲ್ಲಿಯೂ ಅಂತಹ ಪಟ್ಟಿಯಿದೆ: ಲೆಕ್ಕ ಬರೆಯುವುದು, ಆಂತರಿಕ ಲೆಕ್ಕಪರಿಶೋಧನೆ, ಹೂಡಿಕೆ ಸಲಹೆ, ಆಡಳಿತ ಸೇವೆ ಇತ್ಯಾದಿ. 2018ರಲ್ಲಿ ಸೆಬಿಯು ರೇಟಿಂಗ್ ಸಂಸ್ಥೆಗಳಿಗೆ ಇದೇ ಮಾರ್ಗವನ್ನು ತೋರಿಸಿ, ರೇಟಿಂಗ್‌ಗೆ ಹೊರತಾದ ವ್ಯವಹಾರಗಳನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತೆ ನಿಯಮ ತಿದ್ದಿತು.

144ನೆಯ ಕಲಮಿನ ಪಟ್ಟಿಯನ್ನು ಗಮನವಿಟ್ಟು ಓದಿದರೆ ಅದರ ಹಿಂದೆ ಎರಡು ತತ್ವಗಳು ಕಾಣುತ್ತವೆ. ತಾನು ಮಾಡಿದ ಕೆಲಸವನ್ನು ತಾನೇ ಪರೀಕ್ಷಿಸುವಂತಾಗಬಾರದು. ಪರೀಕ್ಷೆಯ ಫಲಿತಾಂಶದಲ್ಲಿ ತನಗೆ ಪಾಲಿರಬಾರದು. ಹರಾಜು, ಖರೀದಿ, ಅಡವು ಸಾಲಗಳು ಎರಡನೆಯದಕ್ಕೆ ವಿರುದ್ಧ. ಮೊದಲನೆಯದಕ್ಕೆ ವಿರುದ್ಧವಾದ ಉದಾಹರಣೆ ಕಾಮಿಕ್ ಪುಸ್ತಕಗಳ ಕ್ಷೇತ್ರದಲ್ಲಿದೆ. ಸಿ.ಜಿ.ಸಿ.ಯ ಮಾತೃಸಂಸ್ಥೆಯು 2012ರಲ್ಲಿ ಹಳೆಯ ಕಾಮಿಕ್ ಪುಸ್ತಕಗಳ ಮಡಿಕೆ, ಸುಕ್ಕುಗಳನ್ನು ಒತ್ತಿ ಸರಿಪಡಿಸುವ ಒಂದು ಸಂಸ್ಥೆಯನ್ನು ಕೊಂಡುಕೊಂಡಿತು. ಪುಸ್ತಕವನ್ನು ಮೊದಲು ಸೋದರ ಸಂಸ್ಥೆಯಲ್ಲಿ ಇಸ್ತ್ರಿ ಮಾಡಿಸಿ, ಅನಂತರ ದರ್ಜೆಗೆ ಕಳುಹಿಸುವ ಅನುಕೂಲ ಗ್ರಾಹಕನಿಗೆ ದೊರೆಯಿತು. ಅನುಕೂಲವೇನೋ ನಿಜ. ಇಸ್ತ್ರಿಗೆ ಹಣ ಕೊಟ್ಟ ಗ್ರಾಹಕನ ಪುಸ್ತಕದ ದರ್ಜೆ ಏರದೆ ಹೋದರೆ ಇಸ್ತ್ರಿಯ ವ್ಯಾಪಾರ ನಡೆಯುವುದು ಹೇಗೆ ಎಂದು ಹೊರಗಿನವನು ಕೇಳಿದರೆ, ಉತ್ತರ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅನುಮಾನ ಉಳಿಯುತ್ತದೆ.

ಹಾಗಾದರೆ ಏನನ್ನು ನೀಡಬೇಕು?

ಮೇಲಿನ ಮಾತುಗಳಿಂದ ದರ್ಜೆ ಸಂಸ್ಥೆಗಳು ದರ್ಜೆಯ ಹೊರತು ಬೇರೇನನ್ನೂ ಮಾಡಬಾರದು ಎಂಬ ಅರ್ಥ ಬರಬಾರದು. ಗ್ರಾಹಕನಿಗೆ ಅಗತ್ಯವಾಗಿ ಬೇಕಾದ ಕೆಲವು ಸೇವೆಗಳನ್ನು ಇವರು ಇನ್ನೂ ಅರೆಮನಸ್ಸಿನಿಂದಲೇ ನೀಡುತ್ತಿದ್ದಾರೆ ಎಂಬುದೇ ನನ್ನ ಅಭಿಪ್ರಾಯ.

ಅವುಗಳಲ್ಲಿ ಮೊದಲನೆಯದು ಕಾರಣ ಹೇಳುವುದು. 25 ಡಾಲರ್ ಕೊಟ್ಟು, ತಿಂಗಳುಗಟ್ಟಲೆ ಕಾದ ಗ್ರಾಹಕನಿಗೆ 10ರ ಬದಲು 9 ಎಂಬ ಒಂದಂಕಿಯ ಉತ್ತರ ಬರುತ್ತದೆ. ಯಾವ ಮೂಲೆ, ಯಾವ ಗೀರು ಎಂಬ ವಿವರಣೆಯಿಲ್ಲ. ಬೆಕೆಟ್ ಸಂಸ್ಥೆಯು ನೆಲೆ, ಮೂಲೆ, ಅಂಚು, ಮೇಲ್ಮೈಗಳಿಗೆ ಪ್ರತ್ಯೇಕ ಉಪದರ್ಜೆಗಳನ್ನು ನಮೂದಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಅದು ಶ್ಲಾಘನೀಯ ಕ್ರಮ. ಲೆಕ್ಕಪರಿಶೋಧಕನು ಷರತ್ತುಬದ್ಧ ಅಭಿಪ್ರಾಯ ನೀಡಿದಾಗ ಅದರ ಕಾರಣವನ್ನು ವರದಿಯಲ್ಲಿಯೇ ಬರೆಯಬೇಕಾಗುತ್ತದೆ, ಅದಕ್ಕೆ ಬೇರೆ ಶುಲ್ಕ ಕೇಳಲಾಗದು. ಕಾರಣ ಹೇಳುವ ಸೇವೆ ಗ್ರಾಹಕನಿಗೆ ಉಪಯುಕ್ತ ಮಾತ್ರವಲ್ಲ, ಸಂಸ್ಥೆಯನ್ನೂ ಬಿಗಿಯಾಗಿಡುತ್ತದೆ. ಬರೆದಿಟ್ಟ ಕಾರಣವನ್ನು ನಾಳೆ ಇನ್ನೊಬ್ಬನು ಭೂತಗನ್ನಡಿ ಹಿಡಿದು ಪರೀಕ್ಷಿಸಬಹುದು. ಬಹುಶಃ ಉದ್ದಿಮೆಯ ಅರೆಮನಸ್ಸಿಗೆ ಕಾರಣವೂ ಇದೇ ಇರಬಹುದು.

ಎರಡನೆಯದು ಗುರುತಿನ ದಾಖಲೆ. ಕಡಿಮೆ ದರ್ಜೆ ಬಂದ ಕಾರ್ಡನ್ನು ಕವಚ ಒಡೆದು ಹೊರತೆಗೆದು ಮತ್ತೆ ಮತ್ತೆ ಕಳುಹಿಸಿ, ಎಂದಾದರೊಂದು ದಿನ ಮೇಲಿನ ದರ್ಜೆ ಗಿಟ್ಟಿಸುವ ಚಾಳಿ ಈ ಮಾರುಕಟ್ಟೆಯಲ್ಲಿದೆ. 2019ರಲ್ಲಿ ಸಂಗ್ರಾಹಕರೇ ಹಳೆಯ ಹಾಗೂ ಹೊಸ ಮಾರಾಟಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಅಂಚು ಕತ್ತರಿಸಿ ಮೇಲಿನ ದರ್ಜೆ ಪಡೆದ ಹಲವು ಕಾರ್ಡುಗಳನ್ನು ಬಯಲಿಗೆಳೆದರು. ಸಂಸ್ಥೆಗಳು ಮಾಡಬೇಕಾಗಿದ್ದ ಕೆಲಸವನ್ನು ಗ್ರಾಹಕರು ಬಿಡುವಿನ ವೇಳೆಯಲ್ಲಿ ಮಾಡಿದಂತಾಯಿತು. 2021ರಲ್ಲಿ ಪಿ.ಎಸ್.ಎ.ಯ ಮಾತೃಸಂಸ್ಥೆಯು ಜೆನಮಿಂಟ್ ಎಂಬ ತಂತ್ರಜ್ಞಾನ ಕಂಪನಿಯನ್ನು ಕೊಂಡುಕೊಂಡದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಕಾರ್ಡಿನ ಚಿತ್ರದಿಂದ ಅದರ ಬೆರಳಚ್ಚಿನಂತಹ ಗುರುತನ್ನು ದಾಖಲಿಸಿ, ಹಿಂದೆ ಬಂದದ್ದೇ ಎಂದು ಪತ್ತೆ ಮಾಡುವ ವಿದ್ಯೆ ಅದು. ನಮ್ಮಲ್ಲಿ ಹಾಲ್‌ಮಾರ್ಕ್ ಮಾಡಿದ ಪ್ರತಿಯೊಂದು ಒಡವೆಗೆ 2021ರಿಂದ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತು ನೀಡುತ್ತಿರುವುದನ್ನು ಇದಕ್ಕೆ ಹೋಲಿಸಬಹುದು. ಆ ಗುರುತನ್ನು ಕೊಳ್ಳುವವನು ತನ್ನ ಮೊಬೈಲಿನಲ್ಲಿಯೇ ಪರಿಶೀಲಿಸಬಹುದು. ಕಾರ್ಡುಗಳ ಕವಚದ ಮೇಲಿನ ಕ್ರಮಸಂಖ್ಯೆಗೂ ಈ ಸೌಲಭ್ಯವಿದೆ. ಅದರೊಡನೆ ಪ್ರತಿಯೊಂದು ಕಾರ್ಡಿನ ಸ್ಪಷ್ಟ ಚಿತ್ರ ಹಾಗೂ ಹಿಂದಿನ ದರ್ಜೆಗಳ ಇತಿಹಾಸವನ್ನು ಯಾರು ಬೇಕಾದರೂ ನೋಡುವಂತಿರಬೇಕು. ದರ್ಜೆಗೆ ಹಣ ಕೊಟ್ಟವನಿಗಿಂತ ದರ್ಜೆಯನ್ನು ನಂಬುವವನಿಗೆ ಉಪಕಾರವಾಗುವ ಸೇವೆಯಿದು.

ಕಾರ್ಡುಗಳನ್ನು ಕಾಪಿಡುವ ಉಗ್ರಾಣದ ಸೇವೆ ಈ ಎರಡು ಬಗೆಗಳ ನಡುವೆ ನಿಲ್ಲುತ್ತದೆ. ದರ್ಜೆಗಾಗಿ ಬಂದ ಕಾರ್ಡು ಸಂಸ್ಥೆಯ ವಶದಲ್ಲಿರುವಷ್ಟು ಕಾಲ ಗ್ರಾಹಕನದೇ ಸ್ವತ್ತು. ನಮ್ಮ ಕರಾರು ಕಾಯ್ದೆ, 1872ರ 148ನೆಯ ಕಲಮು ಇಂತಹ ಸಂಬಂಧವನ್ನು ವಿವರಿಸುತ್ತದೆ. ತನ್ನದೇ ಸರಕಾಗಿದ್ದರೆ ಸಾಧಾರಣ ವಿವೇಕಿಯೊಬ್ಬನು ಎಷ್ಟು ಎಚ್ಚರ ವಹಿಸುತ್ತಿದ್ದನೋ ಅಷ್ಟು ವಹಿಸಬೇಕೆಂದು 151ನೆಯ ಕಲಮು ಹೇಳುತ್ತದೆ. ಕಾಪಿಡುವುದಷ್ಟೇ ಆದರೆ, ತಿಂಗಳಿಗೆ ಇಂತಿಷ್ಟು ಬಾಡಿಗೆ, ವಿಮೆಯ ನಿಜವಾದ ಖರ್ಚು, ಇಷ್ಟನ್ನು ಪಡೆದು ಸಂಸ್ಥೆಯು ಈ ಸೇವೆ ನೀಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಉಗ್ರಾಣದ ಬಾಗಿಲಲ್ಲಿಯೇ ಮಾರಾಟದ ಮಳಿಗೆ ತೆರೆದಾಗ ಆಕ್ಷೇಪ ಆರಂಭವಾಗುತ್ತದೆ.

ಕಳುಹಿಸುವ ಮೊದಲು ಸಲಹೆ ನೀಡುವ ಸೇವೆಯ ಬಗ್ಗೆ ಬಹುಮಂದಿ ಗ್ರಾಹಕರಿಗೆ ಆಸೆಯಿದೆ. ಈ ಕಾರ್ಡಿಗೆ 10 ಬಂದೀತೇ, ಶುಲ್ಕ ದಂಡವಾಗದೇ ಎಂದು ಚಿತ್ರ ನೋಡಿ ಹೇಳಬಾರದೇ ಎಂಬುದು ಅವರ ಬೇಡಿಕೆ. ಮೇಲಿನ ಲೆಕ್ಕದಲ್ಲಿ 10 ಬಾರದ ಕಾರ್ಡನ್ನು ಕಳುಹಿಸುವುದು ವ್ಯರ್ಥ ಎಂಬುದನ್ನು ಕಂಡೆವು. ಆದ್ದರಿಂದ ಬೇಡಿಕೆ ನ್ಯಾಯವಾದದ್ದೇ. ಆದರೆ "10 ಬರಬಹುದು" ಎಂದು ಹೇಳಿ ಶುಲ್ಕ ತರಿಸಿಕೊಂಡ ಸಂಸ್ಥೆಯು ಕಾರ್ಡು ಕೈಗೆ ಬಂದಾಗ 9 ಎನ್ನಲು ಹಿಂಜರಿಯುತ್ತದೆ. ಈ ಸಲಹೆಯನ್ನು ಸ್ವತಂತ್ರ ವರ್ತಕರು, ಅನುಭವಿ ಸಂಗ್ರಾಹಕರು ನೀಡಲಿ. ಸಂಸ್ಥೆಯು ತನ್ನ ಮಾನದಂಡವನ್ನು ಚಿತ್ರಸಹಿತವಾಗಿ, 9 ಮತ್ತು 10ರ ಮಾದರಿಗಳನ್ನು ಎದುರುಬದುರಿಟ್ಟು ಪ್ರಕಟಿಸಲಿ. ಗ್ರಾಹಕನು ಅಳತೆಪಟ್ಟಿ ಹಿಡಿದು ತಾನೇ ನಿರ್ಧರಿಸಲಿ.

ಸ್ವಾತಂತ್ರ್ಯಕ್ಕೆ ತಗಲುವ ಖರ್ಚು

ಮಾರಾಟದ ಕಮಿಷನ್ ಬಿಟ್ಟುಕೊಡಿ ಎಂದು ಸಂಸ್ಥೆಗೆ ಹೇಳುವುದು ಸುಲಭ. ಆ ಆದಾಯ ಎಲ್ಲಿಂದ ತುಂಬಬೇಕು ಎಂಬುದನ್ನೂ ಲೆಕ್ಕಿಗನಾದವನು ಹೇಳಬೇಕಾಗುತ್ತದೆ. ಹಿಂದಿನ ಉದಾಹರಣೆಯನ್ನೇ ಮುಂದುವರಿಸಿದರೆ, ಮಾರಿಕೊಟ್ಟ ಒಂದು ಕಾರ್ಡಿನಿಂದ ಸರಾಸರಿ ಕಮಿಷನ್ 16 ಡಾಲರ್. ಬಂದ ಕಾರ್ಡುಗಳಲ್ಲಿ ಅರ್ಧದಷ್ಟು ಸಂಸ್ಥೆಯ ಮೂಲಕವೇ ಮಾರಾಟವಾಗುತ್ತವೆ ಎಂದುಕೊಂಡರೆ, ಪ್ರತಿ ಕಾರ್ಡಿಗೆ 8 ಡಾಲರ್ ಕೊರತೆ ಬೀಳುತ್ತದೆ. ಮಾರಾಟಕ್ಕೂ ಖರ್ಚುಂಟು, ಅದನ್ನು ಕಳೆದರೆ ಕೊರತೆ ಇನ್ನೂ ಕಡಿಮೆ; ಆದರೂ ಎಚ್ಚರಿಕೆಯಿಂದ 8 ಎಂದೇ ಹಿಡಿಯೋಣ. ಶುಲ್ಕ 25ರಿಂದ 33 ಡಾಲರಿಗೆ ಏರಬೇಕು.

400 ಡಾಲರಿನ ಕಾರ್ಡಿನ ಆಸೆಯಲ್ಲಿರುವವನಿಗೆ ಇದು ಹೊರೆಯಲ್ಲ. ದರ್ಜೆಯಿಲ್ಲದೆ 20 ಡಾಲರ್, ದರ್ಜೆ ಪಡೆದರೆ 60 ಡಾಲರ್ ಬಾಳುವ ಸಣ್ಣ ಕಾರ್ಡಿನ ಒಡೆಯನಿಗೆ ಹಾಗಲ್ಲ. ಇಂದು ಅವನಿಗೆ 40 ಡಾಲರ್ ಖರ್ಚು ಕಳೆದು 20 ಡಾಲರ್ ಉಳಿಯುತ್ತದೆ, ಲಾಭವೂ ಇಲ್ಲ ನಷ್ಟವೂ ಇಲ್ಲ. ಶುಲ್ಕ ಏರಿದರೆ ಉಳಿಯುವುದು 12 ಡಾಲರ್. ಅವನು ಕಳುಹಿಸುವುದನ್ನು ನಿಲ್ಲಿಸುತ್ತಾನೆ. ದೊಡ್ಡ ಕಾರ್ಡುಗಳ ಕಮಿಷನ್ ಈವರೆಗೆ ಸಣ್ಣ ಕಾರ್ಡುಗಳ ಶುಲ್ಕವನ್ನು ತಗ್ಗಿಸಿಟ್ಟಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದು ನನ್ನ ವಾದಕ್ಕಿರುವ ಬಲವಾದ ಅಡ್ಡಿ, ಇದನ್ನು ಮುಚ್ಚಿಡುವಂತಿಲ್ಲ.

ನನ್ನ ಉತ್ತರವಿಷ್ಟು: 20 ಡಾಲರಿನ ಕಾರ್ಡಿಗೆ ಅಷ್ಟು ದುಬಾರಿ ಪರೀಕ್ಷೆ ಬೇಕಾಗಿಯೇ ಇಲ್ಲ. ಅಂತಹವುಗಳಿಗೆ ಸಂಖ್ಯೆಯ ದರ್ಜೆ ಬಿಟ್ಟು, ನೈಜತೆಯನ್ನಷ್ಟೇ ದೃಢೀಕರಿಸಿ ಕವಚ ಹಾಕಿಕೊಡುವ ಕಡಿಮೆ ದರದ ಸೇವೆಯನ್ನು ಸಂಸ್ಥೆಗಳು ವಿಸ್ತರಿಸಲಿ. ಪರೀಕ್ಷಕನ ಸಮಯ ಉಳಿಯುತ್ತದೆ, 2021ರಂತಹ ರಾಶಿ ಬೀಳುವ ಸಂಭವವೂ ತಗ್ಗುತ್ತದೆ. ದರ್ಜೆ ಬೇಕೇಬೇಕೆನ್ನುವ ಸಣ್ಣ ಸಂಗ್ರಾಹಕನು 8 ಡಾಲರ್ ಹೆಚ್ಚು ತೆರಲಿ. ಮುಂದೊಂದು ದಿನ ಅವನೇ ಕೊಳ್ಳುವವನಾಗಿ ಬೇರೊಬ್ಬನ 10ರ ದರ್ಜೆಯ ಕಾರ್ಡಿಗೆ 400 ಡಾಲರ್ ಎಣಿಸುವಾಗ, ಆ ದರ್ಜೆ ಬರೆದವನಿಗೆ ಅದರಲ್ಲಿ 40 ಡಾಲರ್ ಹೋಗುವುದಿಲ್ಲವೆಂಬುದು ಅವನಿಗೆ ಗೊತ್ತಿರುತ್ತದೆ.